ಒಂದು ಕಪ್ ಮೈದಾಹಿಟ್ಟಿನ ತೂಕ

ಭಾನುವಾರ, ಬೆಳಿಗ್ಗೆ ಏಳು ಗಂಟೆ

ತಂಗಿಗೆ ಆಶೀರ್ವಾದಗಳು. ಕ್ಷೇಮವನ್ನು ಕೋಪ ಇಳಿದ ಮೇಲೆ ವಿಚಾರಿಸುತ್ತೇನೆ.

ಗ್ರಂಥಾಲಯದ ಸುವರ್ಣ ಮಹೋತ್ಸವದ ಕೇಕಿನ ಬಗ್ಗೆ ನೀನು ಅತ್ತಿಗೆಗೆ ಬರೆದ ಪತ್ರವನ್ನು ಆಕೆ ನನಗೆ ಫೋನಿನಲ್ಲಿ ಓದಿ ಹೇಳಿದಳು. ಅದರಲ್ಲಿ ಕೇಕು ಕಲ್ಲಾಯಿತು ಎಂಬುದೊಂದೇ ನಿಜ. ನಿನ್ನ ಬೇಕರಿಯಲ್ಲಿ ಕೇಕು ಬೇಯಿಸುವ ಓವನಕ್ಕ ತೂಕದಲ್ಲಿ ತಪ್ಪಿದಳು ಎಂಬುದು ಸುಳ್ಳು. ತಾನಾಗಿಯೇ ಕೆಲಸ ಬಿಟ್ಟು ಹೋದಳು ಎಂಬುದು ಹಸಿ ಸುಳ್ಳು. ಹನ್ನೊಂದು ವರ್ಷ ನಿನ್ನ ಓವನ್ನಿನ ಮುಂದೆ ಬೆಂದವಳಿಗೆ, ಏಪ್ರನ್ ಬಿಚ್ಚಿಟ್ಟು ನಡಿ ಎಂದವಳು ನೀನು.

ಉತ್ಸವಕ್ಕೆಂದು ಆರಿಸಿದ ಅಮ್ಮನ ಕೇಕಿನ ಅಳತೆಯೆಲ್ಲ ಕಪ್ಪಿನಲ್ಲಿತ್ತು. ನಿನ್ನ ಬೇಕರಿಯಲ್ಲಿ ಎಲ್ಲವೂ ತಕ್ಕಡಿಯಲ್ಲಿ. ಗ್ರಾಮಿಗೆ ಇಳಿಸಿಕೊಡುತ್ತೇನೆ ಎಂದು ಮುಂದೆ ಬಂದವಳು ನಾನು. ಒಂದು ಕಪ್ ನೀರು ತೂಗಿದೆ, ಇನ್ನೂರ ನಲವತ್ತು ಗ್ರಾಂ ಬಂತು. ಚೀಟಿಯಲ್ಲಿ ಹಾಲಿಗೂ ಅದನ್ನೇ ಬರೆದೆ, ಸಕ್ಕರೆಗೂ ಅದನ್ನೇ, ಮೈದಾಹಿಟ್ಟಿಗೂ ಅದನ್ನೇ. ಹಗುರವಾದ ಹಿಟ್ಟು ಕಪ್ಪಿಗೆ ನೂರಿಪ್ಪತ್ತೈದು ಗ್ರಾಂ ತೂಗಿದರೆ ಹೆಚ್ಚು. ಮೂರು ಕಪ್ಪಿಗೆ ಏಳುನೂರ ಇಪ್ಪತ್ತು ಗ್ರಾಂ ಸುರಿಸಿ, ಅದನ್ನು ಇನ್ನೂರು ಜನಕ್ಕೆ ಗುಣಿಸಿದ ಮೇಲೆ ಕೇಕು ಉಬ್ಬಲು ಸಾಧ್ಯವೆ? ಒಂದು ಕಿಲೋ ಹತ್ತಿ ಭಾರವೋ ಒಂದು ಕಿಲೋ ಕಬ್ಬಿಣ ಭಾರವೋ ಎಂದು ಮೂವತ್ತೊಂದು ವರ್ಷ ಶಾಲೆಯಲ್ಲಿ ಮಕ್ಕಳನ್ನು ಕಾಡಿದ ನಾನು, ಒಂದು ಕಪ್ ಹತ್ತಿ ಎಷ್ಟು ತೂಗುತ್ತದೆಂದು ಒಮ್ಮೆಯೂ ಯೋಚಿಸಲಿಲ್ಲ.

ಇದು ನಿನಗೆ ಅಂದೇ ತಿಳಿಯಿತು. ಗ್ರಂಥಾಲಯದ ಅಧ್ಯಕ್ಷರು ಚಾಕು ಸಾಲದು, ಗರಗಸ ತರಿಸಿ ಎಂದು ನಗೆಯಾಡಿದಾಗ ನೀನು ನನ್ನ ಚೀಟಿ ನೋಡಿ ಬಿಳಿಚಿಕೊಂಡೆ. ಆಮೇಲೆ ನನ್ನ ಕಿವಿಯಲ್ಲಿ, ಅಕ್ಕಾ ನೀನು ಸುಮ್ಮನಿರು, ನಿನ್ನ ಹೆಸರು ಎಲ್ಲೂ ಬರೋಲ್ಲ ಅಂದೆ. ನನ್ನ ಹೆಸರು ಕಾಯಲು ನಿನಗೆ ಹೇಳಿದವರು ಯಾರು? ನನ್ನ ಮರ್ಯಾದೆಗೆ ಇನ್ನೊಬ್ಬಳ ಅನ್ನ ಬೇಕೆಂದು ನಾನು ಯಾವಾಗ ಕೇಳಿದ್ದೆ? ಈಗ ಆಕೆ ಎರಡು ಬೇಕರಿಗಳ ಬಾಗಿಲು ತಟ್ಟಿ ಬಂದಿದ್ದಾಳೆ. ತೂಕವೇ ಬಾರದವಳಂತೆ ಎಂಬ ಮಾತು ಎರಡೂ ಕಡೆ ಆಕೆಗಿಂತ ಮೊದಲೇ ಮುಟ್ಟಿತ್ತು.

ಈ ಪತ್ರವನ್ನು ಇಂದೇ ಆಳಿನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಬೇಕರಿ ತೆರೆಯುವ ಮೊದಲು ನೀನೇ ಆಕೆಯ ಮನೆಗೆ ಹೋಗಿ ಕರೆದುಕೊಂಡು ಬಾ. ತಪ್ಪು ಅಕ್ಕನದು ಎಂದು ಎಲ್ಲರೆದುರು, ಎಲ್ಲರಿಗೂ ಕೇಳುವಂತೆ ಹೇಳು. ಅತ್ತಿಗೆಗೂ ಆ ಎರಡು ಬೇಕರಿಗಳಿಗೂ ನಾನೇ ಬರೆಯುತ್ತೇನೆ. ನೀನು ಹೋಗದಿದ್ದರೆ ಹತ್ತು ಗಂಟೆಗೆ ನಿನ್ನ ಗಲ್ಲಾದ ಮುಂದೆ ನಿಂತು, ಗಿರಾಕಿಗಳಿಗೆ ನಾನೇ ಪಾಠ ಮಾಡುತ್ತೇನೆ. ನನ್ನ ಗಂಟಲು ಇನ್ನೂ ಕೊನೆಯ ಬೆಂಚಿನವರೆಗೆ ಮುಟ್ಟುತ್ತದೆ.

ಇಂತು,
ನಿನ್ನ ಕಾವಲು ಬೇಡವಾದ
ಅಕ್ಕ

ಮರೆತ ಮಾತು: ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಉತ್ಸವದ ಹಿಂದಿನ ದಿನ ಚೀಟಿ ಕೊಡಲು ಹೋದಾಗ ಓವನಕ್ಕ ಅದನ್ನು ಎರಡು ಸಲ ಓದಿ, ಟೀಚರಮ್ಮಾ, ಮೈದಾ ಡಬಲ್ ಆಗೋಗಿದೆ ಅನ್ಸತ್ತೆ, ಒಂದ್ಸಲ ನೋಡ್ತೀರಾ ಎಂದು ಕೇಳಿದ್ದಳು. ಲೆಕ್ಕ ಕಲಿಸಿದವಳು ನಾನೋ ನೀನೋ, ಬರೆದದ್ದನ್ನು ಬರೆದ ಹಾಗೆ ತೂಗು ಎಂದೆ. ತಲೆ ತಗ್ಗಿಸಿ ತೂಗಿದಳು. ಒಂದು ಗ್ರಾಂ ಆಚೀಚೆ ಆಗಲಿಲ್ಲ. ನೀನು ಆಕೆಯನ್ನು ಬೈಯುವಾಗ ಆಕೆ ನನ್ನ ಕಡೆಗೊಮ್ಮೆ ನೋಡಿದಳು. ನಾನು ಕನ್ನಡಕ ಒರೆಸುತ್ತ ನಿಂತೆ. ಬೇಕಿದ್ದರೆ ಕೇಳಿ ನೋಡು, ಬರೆದ ಹಾಗೆ ತೂಗು ಎಂದು ನಾನು ಹೇಳಿದಾಗ ಅಲ್ಲಿದ್ದವರು: ಹಿಟ್ಟು ನಾದುವ ಗುಂಡಣ್ಣ, ಸಕ್ಕರೆ ಮೂಟೆ ಇಳಿಸಲು ಬಂದಿದ್ದ ವ್ಯಾನಿನವರು, ಬಿಸ್ಕತ್ತು ಕಟ್ಟುವ ಚಿಕ್ಕಮ್ಮ, ಓವನಕ್ಕ, ಮತ್ತು ನಾನು.