ಯಾರ ಸೀರೆ?

ಸೋಮವಾರ, ೬ ಜನವರಿ ೨೦೨೫

ಎರಡು ಬ್ಲೌಸ್, ಒಂದು ಪಾಯಿಜಾಮಾ. ಕಾಜಲ ಮತ್ತೆ ಬಂದಿದ್ದಳು. ಗೆಳೆಯ ಹರಿಬಾನ ಮಗಳು. ಗಡಿಯೂರು ಸಂಖದ ತಹಸೀಲ ಕಚೇರಿ ಎದುರು ಕಂಪ್ಯೂಟರ್ ಇಟ್ಟುಕೊಂಡು ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾಳೆ. ನಮ್ಮ ಕೌದಿಗೂ ಒಂದು ಮಾಡುತ್ತಾಳಂತೆ.

ಹಳೆಯ ಸೀರೆ ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುವುದು ನನ್ನ ಹೆಂಡತಿ ರುಕ್ಮವ್ವನ ಕೆಲಸ. ಆಕೆ ಹೋಗಿ ನಾಲ್ಕು ತಿಂಗಳಾಯಿತು. ಈಗ ಹೊಲಿಯುವವಳು ಆಕೆಯ ಜೊತೆಗಾರ್ತಿ ಜನಾಬಾಯಿ ಒಬ್ಬಳೇ. ನಿಲ್ಲಿಸಿಬಿಡೋಣ ಎಂದೆ. ಜನಾಬಾಯಿ ಸೂಜಿಗೆ ದಾರ ಪೋಣಿಸಿದಳು.

ಆಗಲಿ, ಮಾಡು ಎಂದು ಕಾಜಲಳಿಗೆ ಹೇಳಿದೆ.

೯ ಜನವರಿ, ಮಧ್ಯಾಹ್ನ

ಕಾಜಲ ಫೋಟೋ ತೆಗೆದಳು. ಜನಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ನನ್ನ ಮಾರಿ ಹಾಕಬ್ಯಾಡವಾ, ಬಂದ ಗಿರಾಕಿ ಓಡಿ ಹೋದಾರು.”

“ಮಾರಿ ಯಾರಿಗೆ ಬೇಕಾಗೇತ್ರಿ ಅತ್ತಿ? ನಿಮ್ಮ ಕೈ ಹಾಕ್ತೀನಿ.”

ಉಳಿದ ಕೌದಿಗಳ ಫೋಟೋ ನನಗೇ ತೆಗೆದು ಕಳಿಸಲು ಹೇಳಿದಳು. ಒಂಬತ್ತು ತೆಗೆದೆ. ಹತ್ತನೆಯದು ನನ್ನ ಹಾಸಿಗೆಯ ಮೇಲಿನದು. ಎಲ್ಲಕ್ಕಿಂತ ಚಲೋ ಅದೇ, ಅದನ್ನೂ ಕಳಿಸಿದೆ.

೩ ಫೆಬ್ರವರಿ

ಸೈಟ್ ಶುರುವಾಗಿದೆ. ಇಷ್ಟು ದಿನ ಯಾಕೆ ಹಿಡಿಯಿತು ಎಂದು ಇಂದು ತಿಳಿಯಿತು. ಕಾಜಲ ನನ್ನನ್ನು ಬಸ್ ಸ್ಟ್ಯಾಂಡಿಗೆ ಕರೆದೊಯ್ದಳು. ಅಲ್ಲಿ ನೆಟ್‌ವರ್ಕ್ ಬರುವುದೇ ಕಷ್ಟ. ಗಾಜು ಒಡೆದ ನನ್ನ ಫೋನಿನಲ್ಲೇ ತೆರೆಯಲು ಹೇಳಿದಳು. ತೆರೆಯಿತು! ಫೋಟೋಗಳ ಭಾರ ಇಳಿಸಿದ್ದಾಳಂತೆ. ಅಕ್ಷರ ದೊಡ್ಡದು. ಬಟನ್ ನನ್ನ ಹೆಬ್ಬೆರಳು ಮುಟ್ಟುವಲ್ಲೇ. ಕನ್ನಡ, ಮರಾಠಿ, ಇಂಗ್ಲಿಷ್.

ಮೂವತ್ತು ವರ್ಷದಿಂದ ಟೇಲರ್ ನಾನು. ಒಂದು ತೋಳಿಗೂ ಇಷ್ಟು ಸಲ ಅಳತೆ ನೋಡಿಲ್ಲ.

ಇದನ್ನು ಆಕೆಗೆ ಹೇಳಬೇಕೆಂದುಕೊಂಡೆ... “ಚಾ ಕುಡಿ ಬಾ” ಎಂದಷ್ಟೇ ಅಂದೆ.

೧೧ ಫೆಬ್ರವರಿ, ಸಂಜೆ ೫

ಮೊದಲ ಆರ್ಡರ್. ಪುಣೆಯಿಂದ. ದೀಪಾಲಿ ಎಂಬ ಹೆಣ್ಣುಮಗಳು. ಜನಾಬಾಯಿ ಬೆಲ್ಲ ಹಂಚಿದಳು. ಯಾವ ಕೌದಿ ಎಂದು ನೋಡಿದೆ.

ಹತ್ತನೆಯದು.

ಅಂಗಡಿಯ ಗೋಡೆಗೆ ಬ್ಲೌಸಿನ ಫೋಟೋ ಹಚ್ಚಿರುತ್ತೇನೆ. ಬಂದವರು ತೋರಿಸಿ, ಇಂಥದು ಹೊಲಿ ಅನ್ನುತ್ತಾರೆ. ಗೋಡೆಯ ಮೇಲಿನದನ್ನೇ ಕೊಡು ಎಂದು ಇದುವರೆಗೆ ಯಾರೂ ಕೇಳಿಲ್ಲ. ಇದೂ ಹಾಗೇ ಎಂದುಕೊಂಡಿದ್ದೆ.

ಅದು ರುಕ್ಮವ್ವನ ಕೊನೆಯ ಕೌದಿ. ತಾಯಿ ಬಿಟ್ಟುಹೋದ, ತಾನೂ ಉಟ್ಟ ಸೀರೆಗಳಿಂದ ಹೊಲಿದದ್ದು. ಒಂದು ಮೂಲೆ ಇನ್ನೂ ತೆರೆದೇ ಇದೆ. ಆ ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟು ಹೊಲಿದ ಮೇಲೆಯೇ ಕೌದಿ ಮುಗಿದಂತೆ. ಹಸಿದ ಕೌದಿ ಮೈ ಬೆಚ್ಚಗಿಡುವುದಿಲ್ಲ ಅನ್ನುತ್ತಿದ್ದಳು. ಮೂಲೆಯನ್ನು ಒಳಗೆ ಮಡಚಿ ಫೋಟೋ ತೆಗೆದಿದ್ದೆ.

೧೨ ಫೆಬ್ರವರಿ, ಬೆಳಿಗ್ಗೆ

ಕಾಜಲಳಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಮೊದಲ ಗಿರಾಕಿ ಅಲ್ಲವೇ.

“ತಪ್ಪು ನಂದರಿ ಕಾಕಾ. ನಿಮ್ಮಲ್ಲಿ ಕೌದಿ ಹೆಂಗ ಮಾರ್ತಾರ ಅಂತ ಕೇಳಲಾರದ ಖರೀದಿ ಬಟನ್ ಇಟ್ಟೆ.”

ದೀಪಾಲಿಗೆ ಫೋನ್ ಹಚ್ಚಿ ನನ್ನ ಕೈಗೇ ಕೊಟ್ಟಳು. ಮರಾಠಿಯಲ್ಲಿ ಶುರು ಮಾಡಿದೆ, ನಾಲಿಗೆ ಹೊರಳಲಿಲ್ಲ.

“ಕನ್ನಡದಾಗ ಹೇಳ್ರಿ. ನಾ ನಿಮ್ಮ ಕಡೀ ಸೋನ್ಯಾಳದಾಕಿನ ಅದೀನಿ.”

“ಅದು ಕೊಡಾಕ ಬರಂಗಿಲ್ರಿ ತಂಗಿ. ನನ್ನ ಹೆಂಡ್ತಿ ಹೊಲದದ್ದು. ಅದರ ಹೊಟ್ಟಿ ಇನ್ನೂ ತುಂಬಿಲ್ಲ.”

“ಆಕಿ ಹೋದ್ರೇನ್ರಿ?”

ಹೂಂ ಎಂದೆ.

“ನಮ್ಮವ್ವನ ಸೀರಿ ಎರಡು ವರ್ಷದಿಂದ ಕಪಾಟಿನ್ಯಾಗ ಅದಾವರಿ. ಉಡಾಕೂ ಆಗವಲ್ದು, ಕೊಡಾಕೂ ಆಗವಲ್ದು. ಕಳಿಸಿದ್ರ ಹೊಲಿತೀರೇನ್ರಿ?”

ಜನಾಬಾಯಿಯ ಕಡೆ ನೋಡಿದೆ. ಸ್ಪೀಕರ್‌ನಲ್ಲಿ ಎಲ್ಲ ಕೇಳಿದ್ದಳು. “ಕಳಸು ಅನ್ರಿ ಲಗೂನ, ಏನ್ ನೋಡಾಕ್ಹತ್ತೀರಿ!”

೨೬ ಫೆಬ್ರವರಿ

ಪುಣೆಯ ಗಂಟು ಬಂದಿದೆ. ಏಳು ಸೀರೆ. ಜನಾಬಾಯಿ ಬಿಸಿಲಿಗೆ ಹರವಿದ್ದಾಳೆ.

ಕಾಜಲ ಸೈಟನ್ನೇ ಬಿಚ್ಚಿ ಮತ್ತೆ ಹೊಲಿದಿದ್ದಾಳೆ. ಹೊಲಿದಿದ್ದಾಳೆ ಎಂದೇ ಬರೆಯುತ್ತೇನೆ. ಖರೀದಿಯ ಬಟನ್ ಇಲ್ಲ. ಹತ್ತನೆಯ ಫೋಟೋ ಇಲ್ಲ. ಈಗ ಒಂದು ಫಾರ್ಮ್ ಇದೆ. ಮೊದಲ ಪ್ರಶ್ನೆ ಹೆಸರಲ್ಲ, ಊರಲ್ಲ — “ಯಾರ ಸೀರೆ?” ಅದರ ಕೆಳಗೆ, “ಅವರ ಬಗ್ಗೆ ಎರಡು ಮಾತು.” ಅದನ್ನು ಬರೆಯದೆ ಫಾರ್ಮ್ ಮುಂದೆ ಹೋಗುವುದಿಲ್ಲ. ಗಣಕಯಂತ್ರಕ್ಕೆ ಇಂಥ ಮರ್ಯಾದೆ ಕಲಿಸಬಹುದೆಂದು ನನಗೆ ಗೊತ್ತಿರಲಿಲ್ಲ.

ಯಾರಾದರೂ ಒಮ್ಮೆ ತುಂಬಿ ನೋಡಬೇಕಂತೆ, ಟೆಸ್ಟಿಂಗ್. ಫೋನ್ ನನ್ನ ಮುಂದೆ ಇಟ್ಟಳು. “ಯಾರ ಹೆಸರರೆ ಹಾಕ್ರಿ ಕಾಕಾ.” ಚಾ ತರುವ ನೆಪ ಮಾಡಿ ಹೊರಗೆ ಹೋದಳು. ಜನಾಬಾಯಿಯನ್ನೂ ಕರೆದೊಯ್ದಳು.

ಮಧ್ಯಾಹ್ನದ ರೊಟ್ಟಿಯಲ್ಲಿ ಒಂದು ಚೂರು ಎತ್ತಿಟ್ಟಿದ್ದೇನೆ. ಹತ್ತನೆಯ ಕೌದಿ ತೊಡೆಯ ಮೇಲಿದೆ. ಮೊದಲು ಫಾರ್ಮ್.

ಯಾರ ಸೀರೆ — ರುಕ್ಮವ್ವ.

ಎರಡು ಮಾತು. ಫೋನಿನಲ್ಲಿ ಬೆರಳು ಓಡುತ್ತಿಲ್ಲ, ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ. ಆಕೆ ಸೂಜಿಗೆ ದಾರ ಪೋಣಿಸುವಾಗ ಒಂದು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು: “ರೊಟ್ಟಿ ಉಂಡ್ರೇನ್ರಿ?”