ನೂರ ಹನ್ನೆರಡನೆಯ ಪುಟ

ಕ್ರ್ಯಾನ್‌ಬರಿ, ಅಕ್ಟೋಬರ್ ೧೪

ಶಿವಪ್ರಕಾಶ್ ಅಂಕಲ್ ಅವರಿಗೆ ನಮಸ್ಕಾರ.

ಭಾನುವಾರ ಫ್ಲಶಿಂಗ್‌ನಲ್ಲಿ ನಿಮ್ಮ ಪುಸ್ತಕದ ಬಿಡುಗಡೆಗೆ ನಾನೂ ಬಂದಿದ್ದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಸಣ್ಣ ಊರೊಂದರ ದಾಖಲೆಪಾಲಕ ವೆಲ್ಟರ್‌ನ ಬದುಕನ್ನು ಕನ್ನಡಕ್ಕೆ ತರಲು ಆರು ವರ್ಷ ಹಿಡಿಯಿತೆಂದು ನೀವು ಹೇಳಿದಿರಿ. ಜನ ಚಪ್ಪಾಳೆ ತಟ್ಟಿದರು. ನನ್ನ ಮಗಳು ಕಿಯಾರಾ, "ಅಮ್ಮಾ, ದಟ್ಸ್ ಯುವರ್ ಬುಕ್, ರೈಟ್?" ಎಂದಳು. ಸುಮ್ಮನಿರು ಎಂದೆ.

ವೆಲ್ಟರ್‌ನ ಪತ್ರಗಳಿಗಾಗಿ ಆ ಕಾಲದ ಹಳೆಯ ಜರ್ಮನ್ ಕೈಬರಹವನ್ನು ಓದಲು ಕಲಿತವಳು ನಾನು. ಬಾಸ್ಕಿಂಗ್ ರಿಡ್ಜ್‌ನ ನಿಮ್ಮ ಮನೆಯ ಊಟದ ಮೇಜಿನ ಮೇಲೆ ನಾನಿಟ್ಟ ಈ ಪುಸ್ತಕದ ಮೊದಲ ಕರಡನ್ನು, "ಒಂದ್ಸಲ ನೋಡಿ ಕೊಡ್ತೀನಮ್ಮ" ಎಂದು ತೆಗೆದುಕೊಂಡವರು ನೀವು. ಆ ಮಾತನ್ನು ಇಲ್ಲಿ ಬೆಳೆಸುವುದಿಲ್ಲ.

ನೂರ ಹನ್ನೆರಡನೆಯ ಪುಟವನ್ನು ಮಾತ್ರ ತಿದ್ದಿಸಿ. ೧೮೪೯ರಲ್ಲಿ ವೆಲ್ಟರ್‌ನ ಹೆಂಡತಿ ಹೆನ್ರಿಯೆಟೆ ತೀರಿಕೊಂಡಳೆಂದು ಅಲ್ಲಿದೆ. ಆ ತಪ್ಪು ನನ್ನದೇ. ಸತ್ತವಳು ಅದೇ ಹೆಸರಿನ ಮಗಳು. ಕರಡು ನಿಮ್ಮ ಕೈ ಸೇರಿದ ಮೇಲೆ, ಉಳಿದ ಪತ್ರಗಳನ್ನು ಓದುವಾಗ ಅದು ಗೊತ್ತಾಯಿತು. ತಿಳಿಸಲು ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ.

ಹೆಂಡತಿ ಇನ್ನೂ ಮೂವತ್ತು ವರ್ಷ ಬದುಕಿದ್ದಳು. ವೆಲ್ಟರ್‌ನ ಕಣ್ಣು ಮಂಜಾದ ಮೇಲೆ, ಅವನು ಬರೆಯುತ್ತಿದ್ದ ಆ ಸೀಮೆಯ ಇತಿಹಾಸದ ಕೊನೆಯ ಎರಡು ಸಂಪುಟಗಳನ್ನು ದಾಖಲೆ ಹುಡುಕಿ ಬರೆದವಳು ಅವಳೇ. ಅಚ್ಚಿಗೆ ಕೊಡುವಾಗ ಗಂಡ ತನ್ನ ಹೆಸರನ್ನಷ್ಟೇ ಹಾಕಿಸಿದ.

ಮುಂದಿನ ಮುದ್ರಣದಲ್ಲಿ ನನ್ನ ಹೆಸರು ಬೇಡ. ಆ ಎರಡು ಸಂಪುಟ ಬರೆದವಳೆಂದು ಅವಳದನ್ನು ಹಾಕಿಸಿ.

ಇಂತಿ,
ಲಾವಣ್ಯಾ