ಪಟ್ಟಿಯಲ್ಲಿ ಇರದ ಪದ

ಕ್ಷಿಪ್ರಾ,

ಕಡಲೆಹಿಟ್ಟಿನ ಪಿಠಲೆ ಬಾಣಲೆಯಲ್ಲಿದೆ, ಜೋಳದ ಭಾಕರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.

ನಿನ್ನ ನೆನಪಿನ ಪ್ರಯೋಗ ಬೆಳಗಿನಿಂದ ನನ್ನನ್ನು ಕಾಡುತ್ತಿದೆ. ನೀನು ಓದಿದ ಮದುವೆಯ ಹನ್ನೆರಡು ಪದಗಳಲ್ಲಿ ಅರಿಶಿನ, ಅಕ್ಷತೆ, ಅಂತರಪಟ ಎಲ್ಲ ಇದ್ದವು. ಮಂಗಳಸೂತ್ರ ಇರಲೇ ಇಲ್ಲ! "ಬೇಕಂತಲೇ ಬಿಟ್ಟಿದ್ದೆ ಆಯಿ, ಎಲ್ಲರೂ ಅದನ್ನೂ ಕೇಳಿದ್ವಿ ಅಂತಲೇ ಹೇಳ್ತಾರೆ" ಎಂದು ನೀನು ನಕ್ಕೆ. ನಾನೋ ಅದನ್ನು ನಿನ್ನ ಬಾಯಿಂದಲೇ ಕೇಳಿದೆನೆಂದು ನಿನ್ನ ತಲೆ ಮುಟ್ಟಿ ಆಣೆ ಮಾಡಿದ್ದೆ.

ನಿನ್ನ ಅಜ್ಜಿ ತೀರಿಕೊಂಡ ದಿನ ವೈಜೂ ಮಾವಶಿ "ನಮ್ಮ ಆಯೀನ ನೀನೇ ಕೊಂದೆ" ಅಂದಳೆಂದು, ಒಡಹುಟ್ಟಿದವಳ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟೆ. "ಹಾಗೆ ನಾನು ಅಂದೇ ಇಲ್ಲ ಕಣೇ" ಎಂದು ಅವಳು ಅತ್ತಾಗಲೂ ಹೀಗೇ ಆಣೆ ಮಾಡಿದ್ದೆ.

ಅವಳ ಊರು ಕರಾಡದ ಬಸ್ಸಿಗೆ ಹೊರಟಿದ್ದೇನೆ. ಅವಳು ಬಾಗಿಲು ತೆಗೆಯದಿದ್ದರೆ ಸಂಜೆಗೇ ಹಿಂತಿರುಗುತ್ತೇನೆ. ತೆಗೆದರೆ, ಊಟಕ್ಕೆ ನನಗಾಗಿ ಕಾಯಬೇಡ.

ಆಯಿ